ಎಲ್ಲಾ ಸ್ಯಾಟಲೈಟೂ ಒಂದೇ ಫ್ರೀಕ್ವೆನ್ಸೀಲಿ ಕೂಗಿದ್ರೆ ಜಿಪಿಎಸ್ ಮಾಡ್ಯೂಲ್‌ಗೆ ಯಾವ್ದು ಯಾರ್ದು ಅಂತ ಹೆಂಗ್ ಗೊತ್ತಾಗತ್ತೆ? (ನಮ್ಮನೆ ಹಸು ವಿಷ್ಯಾನೂ ಇದೆ)

ಬ್ಯಾಣದ_ಹುಡುಗ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ. ನಮ್ಮೂರು ಸಿದ್ದಾಪುರದ ಹತ್ರ. ಮನೇಲಿ ಗೌರಿ ಅಂತ ಒಂದು ಹಸು ಇದೆ, ಬೆಳಿಗ್ಗೆ ಮೇಯಕ್ಕೆ ಬಿಟ್ರೆ ಬ್ಯಾಣ (ಹುಲ್ಲುಗಾವಲು) ದಾಟಿ ಬೆಟ್ಟ ಹತ್ತಿ ಎಲ್ಲಿಗೋ ಹೋಗತ್ತೆ, ಸಂಜೆ ಉಳಿದ ದನ ಎಲ್ಲಾ ಕೊಟ್ಟಿಗೆಗೆ ಬಂದ್ರೂ ಇದು ಬರಲ್ಲ, ಅಪ್ಪ ಬ್ಯಾಟ್ರಿ ಹಿಡ್ಕೊಂಡು ಅರ್ಧ ಊರು ಸುತ್ತಬೇಕು. ಅದಕ್ಕೆ ನಾನು ಒಂದು ನಿಯೋ-6ಎಂ ಜಿಪಿಎಸ್ ಮಾಡ್ಯೂಲು, ಆರ್ಡುಯಿನೋ ನ್ಯಾನೋ (ಪುಟ್ಟ ಕಂಪ್ಯೂಟರ್ ಬೋರ್ಡು), ಮೆಮೊರಿ ಕಾರ್ಡ್ ಎಲ್ಲಾ ಸೇರ್ಸಿ ಪಿವಿಸಿ ಪೈಪ್ ತುಂಡೊಳಗೆ ಹಾಕಿ ಕೊರಳಿಗೆ ಕಟ್ಟಿದೀನಿ. ಇಡೀ ದಿನ ಎಲ್ಲೆಲ್ಲಿ ಹೋಗಿದ್ಲು ಅಂತ ಬರ್ಕೊಂಡ್ರೆ ಸಾಕು ಸದ್ಯಕ್ಕೆ.

ತೊಂದ್ರೆ ಏನಂದ್ರೆ, ಅಂಗಳದಲ್ಲಿ ಇಟ್ಟು ಆನ್ ಮಾಡಿದ್ರೆ ಒಂದು ನಿಮಿಷದೊಳಗೆ ಲೈಟ್ ಮಿಣುಕ್ ಮಿಣುಕ್ ಅನ್ನತ್ತೆ, ಫಿಕ್ಸ್ ಬಂತು (ಜಾಗ ಗೊತ್ತಾಯ್ತು) ಅಂತ. ಅದೇ ತೋಟದಲ್ಲಿ ಅಡಿಕೆ ಮರದ ಕೆಳಗೆ ಆನ್ ಮಾಡಿದ್ರೆ ಅರ್ಧ ಗಂಟೆ ಆದ್ರೂ ಏನಿಲ್ಲ. ಅದೇ ಜಾಗದಲ್ಲಿ ಫೋನ್ ತೆಗೆದ್ರೆ ಐದು ಸೆಕೆಂಡಲ್ಲಿ ನೀಲಿ ಚುಕ್ಕೆ ಬಂದ್ಬಿಡತ್ತೆ!! ಅದೂ ಜಿಪಿಎಸ್ಸೇ ಇದೂ ಜಿಪಿಎಸ್ಸೇ ಅಲ್ವಾ.

ಇದನ್ನ ಹುಡುಕ್ತಾ ಓದ್ತಾ ಹೋದಾಗ ತಲೆ ಇನ್ನೂ ಕೆಟ್ಟೋಯ್ತು. ಎಲ್ಲಾ ಜಿಪಿಎಸ್ ಸ್ಯಾಟಲೈಟೂ 1575.42 ಮೆಗಾಹರ್ಟ್ಜ್ ಅನ್ನೋ ಒಂದೇ ಫ್ರೀಕ್ವೆನ್ಸೀಲಿ ಕಳ್ಸತ್ತಂತೆ, ಸಾಲದ್ದಕ್ಕೆ ಸಿಗ್ನಲ್ಲು ನಾಯ್ಸ್‌ಗಿಂತ ಕೆಳಗಿರತ್ತಂತೆ. ಎಫ್ಎಂನಲ್ಲಿ ಎರಡು ಸ್ಟೇಷನ್ ಒಂದ್ರ ಮೇಲೊಂದು ಬಂದ್ರೆ ಏನೂ ಕೇಳ್ಸಲ್ಲ, ಇಲ್ಲಿ ಹತ್ತು ಹನ್ನೆರಡು ಒಟ್ಟಿಗೆ ಬರ್ತಿದೆ, ಅದೂ ಗೊರಗೊರ ಸದ್ದಿನ ಕೆಳಗೆ. ಹೆಂಗ್ ಬಿಡ್ಸತ್ತೆ? ಗೊತ್ತಿರೋರು ಹೇಳಿ, ನಾನು ಓದಿದ್ದು ಬಿಕಾಂ, ಲೆಕ್ಕ ಜಾಸ್ತಿ ಬೇಡ.

ಸೂಪರ್_ಸೀನ:

ಸಿಂಪಲ್ ಬ್ರೋ, ಫೋನು ಸ್ಯಾಟಲೈಟ್‌ಗೆ ರಿಕ್ವೆಸ್ಟ್ ಕಳ್ಸತ್ತೆ, ಸ್ಯಾಟಲೈಟು ಒಬ್ಬೊಬ್ರಿಗೆ ಸರದಿ ಪ್ರಕಾರ ಉತ್ರ ಕೊಡತ್ತೆ. ನಿಮ್ ಮಾಡ್ಯೂಲ್‌ಗೆ ಪವರ್ ಕಮ್ಮಿ ಅದಕ್ಕೆ ತಲುಪ್ತಿಲ್ಲ.

ಅರ್ಧರಾತ್ರಿ_ಸೋಲ್ಡರ್:

ಸೀನ ಅವ್ರೇ, ತಪ್ಪು. ಜಿಪಿಎಸ್ ರಿಸೀವರ್ ಮೇಲಕ್ಕೆ ಏನೂ ಕಳ್ಸಲ್ಲ, ಬರೀ ಕೇಳಿಸ್ಕೊಳತ್ತೆ. ಸ್ಯಾಟಲೈಟ್ ಇರೋದು ಸುಮಾರು 20,200 ಕಿ.ಮೀ. ಮೇಲೆ, ಅಲ್ಲಿಗೆ ನಮ್ಮ ಅಂಗಿ ಗುಂಡಿಯಷ್ಟು ಪುಟ್ಟ ಆಂಟೆನಾದಿಂದ ಕೂಗಿ ಯಾರ್ ಕೇಳ್ತಾರೆ. ಗೌರಿ ಅಂತ ಒಬ್ಳು ಇದಾಳೆ ಅನ್ನೋದೇ ಅದಕ್ಕೆ ಗೊತ್ತಿಲ್ಲ.

ಹುಡುಗ ಅವ್ರೇ, ನಿಮ್ಮ ಎಫ್ಎಂ ಪ್ರಶ್ನೆ ತುಂಬಾ ಒಳ್ಳೇದು. ಎಫ್ಎಂನಲ್ಲಿ ಯಾಕೆ ಕಲಸುಮೇಲೋಗರ ಆಗತ್ತೆ? ಮುಂದೆ ಏನ್ ಬರತ್ತೆ ಅಂತ ನಿಮ್ಮ ರೇಡಿಯೋಗೆ ಮೊದ್ಲೇ ಗೊತ್ತಿರಲ್ಲ. ಜಿಪಿಎಸ್‌ನಲ್ಲಿ ಗೊತ್ತಿರತ್ತೆ. ಪ್ರತಿ ಸ್ಯಾಟಲೈಟೂ ತನ್ನದೇ ಆದ ಒಂದು ಸೊನ್ನೆ-ಒಂದುಗಳ ಸರಾನ ಗಿಣಿ ಥರ ಹೇಳ್ತಾನೇ ಇರತ್ತೆ, ಆ ಸರಗಳೆಲ್ಲ ಬಹಿರಂಗ, ನಿಮ್ಮ ಮಾಡ್ಯೂಲ್ ಒಳಗೂ ಇವೆ. ಮೆಜೆಸ್ಟಿಕ್‌ನಲ್ಲಿ ಇಪ್ಪತ್ತು ಜನ ಒಟ್ಟಿಗೆ ತುಮ್ಕೂರ್ ತುಮ್ಕೂರ್, ಕೋಲಾರ ಕೋಲಾರ, ಮೈಸೂರ್ ಮೈಸೂರ್ ಅಂತ ಕೂಗ್ತಿದ್ರೂ ತುಮಕೂರಿಗೆ ಹೋಗೋನ ಕಿವಿಗೆ ತುಮ್ಕೂರ್ ಒಂದೇ ಬೀಳಲ್ವಾ, ಹಂಗೆ.

ಸರದಲ್ಲಿ 1023 ಮಣಿ. ಮಣಿಗೆ ಚಿಪ್ ಅಂತಾರೆ, ಬಿಟ್ ಅನ್ನಲ್ಲ, ಯಾಕಂದ್ರೆ ಅದ್ರಲ್ಲಿ ಹೊಸ ವಿಷ್ಯ ಏನೂ ಇಲ್ಲ. ಪೂರ್ತಿ ಸರ 1 ಮಿಲಿಸೆಕೆಂಡಲ್ಲಿ ಮುಗಿಯತ್ತೆ, ಮತ್ತೆ ಮೊದ್ಲಿಂದ. ಸೊನ್ನೆ ಇದ್ದಲ್ಲಿ ಒಂದು ಬಂದ್ರೆ ಕ್ಯಾರಿಯರ್ ಅಲೆ (ಸರಾನ ಹೊತ್ಕೊಂಡು ಬರೋ ರೇಡಿಯೋ ಅಲೆ) ತಲೆಕೆಳಗಾಗತ್ತೆ, ಅಷ್ಟೇ ಮಾಡ್ಯುಲೇಶನ್. ಈ ಸರ ಮಾಡೋಕೆ 10 ಮನೆಯ ಎರಡು ಶಿಫ್ಟ್ ರಿಜಿಸ್ಟರ್ (ಸೊನ್ನೆ-ಒಂದುಗಳನ್ನ ಮನೆಯಿಂದ ಮನೆಗೆ ತಳ್ಳೋ ಸರ್ಕ್ಯೂಟ್) ಸಾಕು, ಎರಡನೇದ್ರಲ್ಲಿ ಯಾವ ಎರಡು ಮನೆಯಿಂದ ತಂತಿ ಎಳೀತೀರಿ ಅನ್ನೋದ್ರ ಮೇಲೆ ಸ್ಯಾಟಲೈಟ್ ನಂಬರ್ ಬದಲಾಗತ್ತೆ. 1967ರಲ್ಲಿ ರಾಬರ್ಟ್ ಗೋಲ್ಡ್ ಅನ್ನೋರು ಈ ಜಾತಿ ಸರದ, ಅಂದ್ರೆ ಕೋಡ್ ಬಗ್ಗೆ ಬರೆದ್ರು, ಅದಕ್ಕೆ ಗೋಲ್ಡ್ ಕೋಡ್ ಅಂತ ಹೆಸರು, ಬಂಗಾರಕ್ಕೂ ಅದಕ್ಕೂ ಸಂಬಂಧ ಇಲ್ಲ (ನಾನೂ ಮೊದ್ಲು ಬಂಗಾರ ಅಂತಾನೇ ಅನ್ಕೊಂಡಿದ್ದೆ).

ಪೇಪರ್ ಪೆನ್ನು ತಗೊಳ್ಳಿ, 1023 ಬೇಡ, 7 ಮಣಿಯ ಸಣ್ಣ ಸರ (ಸೊನ್ನೆ-ಒಂದರ ಬದ್ಲು +1, −1 ಅನ್ಕೊಳ್ಳಿ):

+ + + − + − −

ಇದನ್ನ ಇದ್ರ ಕೆಳಗೇ ಬರ್ದು ಮೇಲೆ ಕೆಳಗೆ ಗುಣಿಸಿ, ಎಲ್ಲಾ ಪ್ಲಸ್ಸೇ, ಕೂಡಿಸಿದ್ರೆ 7. ಈಗ ಕೆಳಗಿನದನ್ನ ಒಂದು ಮನೆ ಬಲಕ್ಕೆ ತಳ್ಳಿ, ತುದೀದು ಸುತ್ಕೊಂಡು ಮುಂದಕ್ಕೆ ಬರತ್ತೆ:

− + + + − + −

ಗುಣಿಸಿದ್ರೆ ಮೂರು ಪ್ಲಸ್, ನಾಲ್ಕು ಮೈನಸ್, ಮೊತ್ತ −1. ಎಷ್ಟು ಮನೆ ತಳ್ಳಿದ್ರೂ −1ಏ ಬರತ್ತೆ, ಸರಿಯಾಗಿ ಕೂತಾಗ ಮಾತ್ರ 7. ರಿಸೀವರ್ ಮಾಡೋದು ಇಷ್ಟೇ ಕೆಲಸ, ತನ್ನ ಹತ್ರ ಇರೋ ಸರಾನ ಬಂದಿರೋ ಗೊರಗೊರದ ಮೇಲಿಟ್ಟು ತಳ್ತಾ ತಳ್ತಾ ಕೂಡಿಸ್ತಾ ಹೋಗತ್ತೆ, ಎಲ್ಲಿ ಮೊತ್ತ ಧಿಡೀರ್ ಅಂತ ಏರತ್ತೋ ಅಲ್ಲಿ ಸಿಕ್ತು ಅಂತ ಅರ್ಥ.

ನಾಯ್ಸ್ ವಿಷ್ಯಾನೂ ಇಲ್ಲೇ ಮುಗಿಯತ್ತೆ. ಸರಿ ಕೂತಾಗ ಸಿಗ್ನಲ್‌ನ ಪ್ರತಿ ಮಣಿಯೂ ಒಂದೇ ಕಡೆಗೆ ಓಟು ಹಾಕತ್ತೆ, 1023 ಓಟು. ನಾಯ್ಸ್‌ಗೆ ಪಕ್ಷ ಇಲ್ಲ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ, ಕೂಡಿಸಿದ್ರೆ ಹೆಚ್ಚುಕಮ್ಮಿ 1023ರ ವರ್ಗಮೂಲ ಅಂದ್ರೆ 32ರಷ್ಟು ಉಳಿಯತ್ತೆ. ಅದಕ್ಕೇ ನಾಯ್ಸ್ ಸಿಗ್ನಲ್‌ಗಿಂತ ಸುಮಾರು 50 ಪಟ್ಟು ಜಾಸ್ತಿ ಪವರಲ್ಲಿದ್ರೂ ಕೊನೇಗೆ ಸಿಗ್ನಲ್ಲೇ ಗೆಲ್ಲೋದು.

ಧಾರವಾಡ_ಡಾಂಗಲ್:

ಸೋಲ್ಡರ್ ಅಣ್ಣಾರ ಹೇಳಿದ್ದು ಖರೇ ಐತಿ, ಆದ್ರ ಆ ಮೆಜೆಸ್ಟಿಕ್ ಮಾತು ಅರ್ಧಾನ ಸರಿ ನೋಡ್ರಿ. ಬಸ್ ಸ್ಟ್ಯಾಂಡಿನ್ಯಾಗ ಕಂಡಕ್ಟರ್ ದನಿ ಗದ್ದಲದ ಮ್ಯಾಲೆ ಕೇಳಸ್ತದ. ಇಲ್ಲೆ ಹಂಗಲ್ಲ, ಐವತ್ತು ಬಸ್ಸು ಇಂಜಿನ್ ಚಾಲೂ ಮಾಡಿ ನಿಂತಾವ, ನಡುವ ಒಬ್ಬಾಂವ ತುಮ್ಕೂರ್ ಅಂತ ಪಿಸುಗುಟ್ಟಾಕತ್ತಾನ. ಒಂದ್ ಸಲ ಕೇಳಿದ್ರ ಏನೂ ತಿಳಿಯಂಗಿಲ್ಲ, ಅದ ತಾಳದಾಗ ಸಾವಿರ ಸಲ ಅಂದಾಗ ಅಷ್ಟ ತಿಳಿತದ.

ಇದನ್ನ ನಾ ಕಣ್ಣಾರೆ ನೋಡೇನಿ. ಒಂದು ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೂ ರೇಡಿಯೋ ರಿಸೀವರ್) ತಗೊಂಡು, ಕಾರಿನ್ಯಾಗ ಹಚ್ಚೂ ಚೌಕ ಆಂಟೆನಾ ಮಾಳಗಿ ಮ್ಯಾಲೆ ರೊಟ್ಟಿ ತವಾ ಬೋರಲ ಹಾಕಿ ಅದರ ಮ್ಯಾಲೆ ಇಟ್ಟೆ (ಕೆಳಗ ಲೋಹದ ತಟ್ಟಿ ಇದ್ರ ಆಂಟೆನಾ ಚಲೋ ಕೆಲಸ ಮಾಡ್ತದ, ಅವ್ವ ಬೈದ್ಲು ಅದು ಬ್ಯಾರೆ ಮಾತು). 1575.42ಕ್ಕ ಟ್ಯೂನ್ ಮಾಡಿ ಸ್ಕ್ರೀನ್ ನೋಡಿದ್ರ ಏನಂದ್ರ ಏನೂ ಇಲ್ಲ, ಸಪಾಟ್ ನಾಯ್ಸ್, ಆಂಟೆನಾ ಸುಟ್ಟೈತಿ ಅಂತ ತಿಳದು ಇನ್ನೊಂದು ತರಿಸಿದೆ, ಅದರಾಗೂ ಹಂಗ. ಆಮ್ಯಾಲೆ ಅದನ್ನ ರೆಕಾರ್ಡ್ ಮಾಡಿ ಪೈಥಾನ್ ಪ್ರೋಗ್ರಾಮಿನ್ಯಾಗ ಒಂದೊಂದ ಸ್ಯಾಟಲೈಟ್ ಕೋಡ್ ಹಚ್ಚಿ ತಿರುವಿದ ಮ್ಯಾಲೆ, 14ನೇ ನಂಬರಿಗೆ ಗ್ರಾಫಿನ್ಯಾಗ ಬಯಲಾಗ ತೆಂಗಿನಗಿಡ ನಿಂತಂಗ ಒಂದು ಪೀಕ್ ಎದ್ದು ನಿಂತ್ತು. ಮೊದಲಿನ ಆಂಟೆನಾನೂ ಛಲೋನ ಇತ್ತು. ರೊಕ್ಕ ಹೋತು.

ಇನ್ನೊಂದು ಮಾತು ಅಣ್ಣಾರು ಬಿಟ್ಟಾರ. ಸರ ಬರೇ ಮುಂದ ಹಿಂದ ತಳ್ಳಿದ್ರ ಸಾಲಂಗಿಲ್ಲ. ಸ್ಯಾಟಲೈಟ್ ಓಡಾಕತ್ತಿರ್ತದ, ರೈಲು ಸೀಟಿ ಹತ್ರ ಬರುವಾಗ ಒಂದು ಶ್ರುತಿ, ದೂರ ಹೋಗುವಾಗ ಒಂದು ಶ್ರುತಿ ಇರ್ತದಲ್ಲ, ಹಂಗ ಫ್ರೀಕ್ವೆನ್ಸಿ 5 ಕಿಲೋಹರ್ಟ್ಜ್ ತನಕ ಮ್ಯಾಲೆ ಕೆಳಗ ಆಗ್ತದ. ಅದರ ಮ್ಯಾಲೆ ನಿಮ್ಮ ಡಾಂಗಲ್ ಕ್ರಿಸ್ಟಲ್ (ಒಳಗ ತಾಳ ಹಾಕೂ ಹರಳು) ಹತ್ತು ಲಕ್ಷಕ್ಕ ಒಂದು ತಪ್ಪಿದ್ರೂ 1575 ಹರ್ಟ್ಜ್ ಹೋತು. ಹಿಂಗಾಗಿ 500 ಹರ್ಟ್ಜಿಗೊಂದು ಮೆಟ್ಟಿಲ ಮಾಡಿ ಹುಡುಕಬೇಕು. ಲೆಕ್ಕ ಹಾಕ್ರಿ, ಅರ್ಧ ಮಣಿಗೊಮ್ಮೆ ತಳ್ಳಿದ್ರ 2046 ಜಾಗ, ಫ್ರೀಕ್ವೆನ್ಸಿ ಮೆಟ್ಟಿಲ 21, ಅಂದ್ರ ಒಂದು ಸ್ಯಾಟಲೈಟಿಗೆ 42,966 ಖೋಲಿ, 32 ಸ್ಯಾಟಲೈಟಿಗೆ 13,74,912. ಖೋಲಿಗೆ 1 ಮಿಲಿಸೆಕೆಂಡಿನಂಗ ಒಂದೊಂದ ಬಾಗಲಾ ಬಡಕೋತ ಹೋದ್ರ 20 ನಿಮಿಷದ ಮ್ಯಾಲೆ ಬೇಕು. ಅದಕ್ಕ ಈಗಿನ ಮಾಡ್ಯೂಲಿನ್ಯಾಗ ಸಾವಿರಾರು ಬಾಗಲಾ ಒಮ್ಮೆಲೆ ಬಡಿಯೂ ವ್ಯವಸ್ಥಾ ಇರ್ತದ.

ಮತ್ತ ಆ −1 ಅನ್ನೂದು ಸಣ್ಣ ಸರಕ್ಕ ಅಷ್ಟ. ಗೋಲ್ಡ್ ಕೋಡಿನ್ಯಾಗ ಸರಿ ಕೂಡದಿದ್ದಾಗ ಮೊತ್ತ −1, 63, ಇಲ್ಲಾ −65 ಬರ್ತದ. 1023ರ ಮುಂದ ಅದು ಸಣ್ಣದ, ಆದ್ರ ಒಂದು ಸ್ಯಾಟಲೈಟ್ ಬಯಲಾಗ ಝಗಝಗ ಅನ್ನಾಕತ್ತಿ ಇನ್ನೊಂದು ಗಿಡದ ಹಿಂದ ಪಿಕಪಿಕ ಅಂತಿದ್ರ, ದೊಡ್ಡದರ 65ನ್ನ ಸಣ್ಣದರ ಪೀಕ್ ಅಂತ ತಿಳದು ಮೋಸ ಹೋಗೂ ಸಾಧ್ಯತಾ ಐತಿ.

ಬ್ಯಾಣದ_ಹುಡುಗ:

ಅಬ್ಬಾ, 7 ಮಣಿ ಲೆಕ್ಕ ನಾನೇ ಮಾಡಿ ನೋಡ್ದೆ, ಎರಡು ಮನೆ ತಳ್ಳಿದ್ರೂ −1ಏ ಬಂತು!! ಮಜಾ ಇದೆ. ಧಾರವಾಡದವ್ರೇ, ತವಾ ಐಡಿಯಾ ಇಷ್ಟ ಆಯ್ತು.

ಆದ್ರೆ ಸಿಗ್ನಲ್ ಸಿಕ್ತು ಅಂದ್ಮೇಲೆ ದೂರ ಹೆಂಗ್ ಗೊತ್ತಾಗತ್ತೆ? ಮತ್ತೆ ನನ್ನ ತೋಟದ ಸಮಸ್ಯೆ ಹಂಗೇ ಉಳೀತಲ್ಲ, ಗೊರಗೊರದಿಂದ ಹೆಕ್ಕೋ ಶಕ್ತಿ ಇದ್ಮೇಲೆ ಅಡಿಕೆ ಸೋಗೆ ಯಾವ ಲೆಕ್ಕ?

ಅರ್ಧರಾತ್ರಿ_ಸೋಲ್ಡರ್:

ಡಾಂಗಲ್ ಸರ್ ತಿದ್ದಿದ್ದು ಸರಿ, ಮೆಜೆಸ್ಟಿಕ್ ವಾಪಸ್ ತಗೋತೀನಿ.

ದೂರದ ವಿಷ್ಯ: ಎಷ್ಟು ತಳ್ಳಿದಾಗ ಕೂತ್ಕೊಳ್ತೋ ಅದೇ ದೂರ. ಒಂದು ಮಣಿ ಹೋಗೋಕೆ ಹಿಡಿಯೋ ಸಮಯದಲ್ಲಿ ಬೆಳಕು ಸುಮಾರು 293 ಮೀಟರ್ ಹೋಗತ್ತೆ. ರಿಸೀವರ್ ತನ್ನ ಸರದ ಮೂರು ಕಾಪಿ ಇಟ್ಕೊಂಡಿರತ್ತೆ, ಒಂದು ಚೂರು ಮುಂದೆ, ಒಂದು ಸರಿಯಾಗಿ, ಒಂದು ಚೂರು ಹಿಂದೆ. ಮುಂದಿಂದು ಹಿಂದಿಂದು ಎರಡರ ಮೊತ್ತಾನೂ ತಕ್ಕಡಿ ಥರ ಸಮ ಆದ್ರೆ ನಡುವಿಂದು ಪೀಕ್ ಮೇಲೆ ಕೂತಿದೆ ಅಂತ. ಹೀಗೆ ಮಣಿಯ ನೂರನೇ ಒಂದು ಭಾಗದವರೆಗೂ ಹಿಡೀಬಹುದು, ಅಂದ್ರೆ 3 ಮೀಟರ್ ಲೆಕ್ಕಕ್ಕೆ ಬಂತು. ರಿಸೀವರ್‌ನ ಗಡಿಯಾರ ಅಗ್ಗದ್ದು, ಅದೆಷ್ಟು ತಪ್ಪಿದೆ ಅನ್ನೋದೂ ಗೊತ್ತಿರಲ್ಲ, ಹಂಗಾಗಿ ಉದ್ದ ಅಗಲ ಎತ್ತರದ ಜೊತೆ ಟೈಮೂ ಸೇರಿ ನಾಲ್ಕು ಗೊತ್ತಿಲ್ದೇ ಇರೋದು, ನಾಲ್ಕು ಸ್ಯಾಟಲೈಟ್ ಬೇಕು. ಮೇಲಿರೋ ಗಡಿಯಾರ ಅಗ್ಗದ್ದಲ್ಲ, ಪರಮಾಣು ಗಡಿಯಾರ, ಆದ್ರೂ ಐನ್‌ಸ್ಟೈನ್ ಲೆಕ್ಕದ ಪ್ರಕಾರ ಅದು ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡತ್ತೆ ಅಂತ ನೆಲದ ಮೇಲಿರುವಾಗ್ಲೇ ಸ್ವಲ್ಪ ನಿಧಾನ ಮಾಡಿ ಕಳ್ಸಿರ್ತಾರೆ.

ಈಗ ನಿಮ್ಮ ತೋಟ. ಈ ಸರದ ಮೇಲೆ ಇನ್ನೊಂದು ವಿಷ್ಯ ನಿಧಾನಕ್ಕೆ ಸವಾರಿ ಮಾಡ್ತಿರತ್ತೆ, ಅದೇ ನ್ಯಾವಿಗೇಶನ್ ಮೆಸೇಜ್. ಸೆಕೆಂಡಿಗೆ ಬರೀ 50 ಬಿಟ್! 20 ಸಲ ಸರ ಹೇಳಿದ್ರೆ ಒಂದು ಬಿಟ್. ಬಿಟ್ ಬದಲಾದ್ರೆ ಇಡೀ ಸರ ತಲೆಕೆಳಗಾಗಿ ಬರತ್ತೆ, ಮೊತ್ತ +1023 ಬದ್ಲು −1023. ಆ ಸ್ಯಾಟಲೈಟ್ ಈ ಕ್ಷಣಕ್ಕೆ ಆಕಾಶದಲ್ಲಿ ಎಲ್ಲಿದೆ ಅನ್ನೋದು ಈ ಮೆಸೇಜಲ್ಲಿರತ್ತೆ. ದೂರ ಗೊತ್ತಾದ್ರೆ ಏನ್ ಬಂತು, ಯಾವ ಜಾಗದಿಂದ ಅಷ್ಟು ದೂರ ಅಂತ ಗೊತ್ತಾಗ್ಬೇಕಲ್ಲ. ಒಂದು ಫ್ರೇಮ್ 1500 ಬಿಟ್, 30 ಸೆಕೆಂಡ್, ಐದು ಸಬ್‌ಫ್ರೇಮ್. ಅದ್ರಲ್ಲಿ ಮೊದಲ ಮೂರು, ಅಂದ್ರೆ 18 ಸೆಕೆಂಡಿನ ಮಾಲು, ಒಂದೂ ಬಿಟ್ ತಪ್ಪದೆ ಓದ್ಬೇಕು. ನಡುವೆ ಸೋಗೆ ಅಡ್ಡ ಬಂದು ಒಂದು ತುಂಡು ಹೋಯ್ತಾ, ಆ ತುಂಡು ಮತ್ತೆ ಬರೋದು 30 ಸೆಕೆಂಡ್ ಆದ್ಮೇಲೆ. ಹಂಗೆ ನಾಲ್ಕು ಸ್ಯಾಟಲೈಟ್‌ದೂ ಆಗ್ಬೇಕು. ಹಸಿ ಎಲೇಲಿ ನೀರಿರತ್ತೆ, ಈ ಫ್ರೀಕ್ವೆನ್ಸೀನ ಚೆನ್ನಾಗಿ ಕುಡಿಯತ್ತೆ, ಅದ್ರಲ್ಲೂ ನಿಮ್ಮ ಕಡೆ ಮಳೆಗಾಲ.

ಇಲ್ಲೇ ಜನ ಎಡವೋದು. ಸರಾನ ಹಿಡ್ಕೊಂಡಿರೋಕೆ ತುಂಬಾ ಸಣ್ಣ ಸಿಗ್ನಲ್ ಸಾಕು, ಮೆಸೇಜ್ ಓದೋಕೆ ಸಾಲಲ್ಲ. ನಿಮ್ಮ ಮಾಡ್ಯೂಲು ಹಿಡಿದ ಮೇಲೆ ಬಿಡದೇ ಇರೋಕೆ ಮೈನಸ್ 160 ಡಿಬಿಎಂ (ಸಿಗ್ನಲ್ ಪವರಿನ ಅಳತೆ, ಮೈನಸ್ ಜಾಸ್ತಿ ಆದಷ್ಟೂ ಸಿಗ್ನಲ್ ಸಣ್ಣದು) ಆಸುಪಾಸು ಸಾಕು ಅನ್ನತ್ತೆ, ಏನೂ ಗೊತ್ತಿಲ್ದೇ ಶುರು ಮಾಡೋಕೆ ಮೈನಸ್ 147ರ ಹತ್ರ ಬೇಕು. 13 ಡಿಬಿ ಅಂದ್ರೆ 20 ಪಟ್ಟು ವ್ಯತ್ಯಾಸ. ಫೋನ್ ಯಾಕೆ ಗೆಲ್ಲತ್ತೆ ಅಂದ್ರೆ ಅದು ಆ ಮೆಸೇಜನ್ನ ಆಕಾಶದಿಂದ ಓದೋಕೇ ಹೋಗಲ್ಲ, ಇಂಟರ್ನೆಟ್ಟಿಂದ ಇಳಿಸ್ಕೊಂಡು ಬಿಡತ್ತೆ, ಟವರಿಂದ ಜಾಗಾನೂ ಅಂದಾಜು ಸಿಗತ್ತೆ, ಹುಡುಕೋ ಖೋಲಿಗಳೂ ಕಮ್ಮಿ ಆದ್ವು. ನಂಬಿಕೆ ಇಲ್ದಿದ್ರೆ ಫೋನ್ ಒಂದು ದಿನ ಆಫ್ ಮಾಡಿಟ್ಟು, ಸಿಮ್ ತೆಗ್ದು, ವೈಫೈನೂ ಇಲ್ದೇ ತೋಟದಲ್ಲಿ ಆನ್ ಮಾಡಿ ನೋಡಿ, ಅದರದ್ದೂ ಬಣ್ಣ ಬಯಲಾಗತ್ತೆ.

ಮಾಡ್ಯೂಲ್ ಕಳ್ಸೋ ಜಿಎಸ್‌ವಿ ಅನ್ನೋ ಸಾಲಲ್ಲಿ ಪ್ರತಿ ಸ್ಯಾಟಲೈಟ್‌ಗೂ ಕೊನೇ ನಂಬರ್ (ಸಿಗ್ನಲ್ ಎಷ್ಟು ಗಟ್ಟಿ ಅನ್ನೋದು) ಎಷ್ಟು ಬರ್ತಿದೆ ಹಾಕಿ. 40 ದಾಟಿದ್ರೆ ಹಬ್ಬ, 26-27ಕ್ಕಿಂತ ಕೆಳಗೆ ಹೋದ್ರೆ ಮೆಸೇಜ್ ಓದೋದು ಕಷ್ಟ.

ಬ್ಯಾಣದ_ಹುಡುಗ:

ಅಂಗಳದಲ್ಲಿ 44, 41, 41, 38, 35. ತೋಟದಲ್ಲಿ 29, 24, 23, 21, ಉಳಿದಿದ್ದು ಖಾಲಿ. ಗೌರಿ ಕೊರಳಿಗೆ ಕಟ್ಟಿ ಅಂಗಳದಲ್ಲೇ ನಿಲ್ಸಿದ್ರೆ 26, 22, 19!! ಮೇಲೆ ಬರೀ ಆಕಾಶ ಇದೆ, ಒಂದು ಮರ ಇಲ್ಲ. ಹಸುವಿಗೂ ಜಿಪಿಎಸ್‌ಗೂ ಆಗ್ಬರಲ್ವಾ?

ಹಾಸನದ_ಮಗ:

ಮಧ್ಯ ಬಾಯಿ ಹಾಕ್ತಿದೀನಿ, ಇದ್ರ ಬದ್ಲು ನಮ್ಮ ನಾವಿಕ್ (ಜಿಪಿಎಸ್ ಥರದ್ದೇ ಭಾರತದ ವ್ಯವಸ್ಥೆ) ಯಾಕೆ ಹಾಕ್ಬಾರ್ದು? ನಮ್ಮೂರ ಎಂಸಿಎಫ್ (ಇಸ್ರೋದ ಸ್ಯಾಟಲೈಟ್ ನಿಯಂತ್ರಣ ಕೇಂದ್ರ) ಮುಂದೇನೇ ದಿನಾ ಓಡಾಡ್ತೀನಿ, ಆ ಸ್ಯಾಟಲೈಟ್‌ಗಳನ್ನ ಅಲ್ಲಿಂದಾನೇ ನೋಡ್ಕೊಳೋದು, ಬೆಂಗಳೂರ ಹತ್ರ ಬ್ಯಾಲಾಳಲ್ಲಿ ನ್ಯಾವಿಗೇಶನ್ ಸೆಂಟರ್ ಇದೆ. ಮಾಡ್ಯೂಲಲ್ಲಿ ಸೆಟ್ಟಿಂಗ್ ಚೇಂಜ್ ಮಾಡಿದ್ರೆ ಬರಲ್ವಾ?

ಅರ್ಧರಾತ್ರಿ_ಸೋಲ್ಡರ್:

ಹಾಸನದವ್ರೇ, ಸೆಟ್ಟಿಂಗಿಂದ ಆಗಲ್ಲ. 2013ರ ಜುಲೈ 1ಕ್ಕೆ ಹಾರಿದ ಮೊದಲನೇದ್ರಿಂದ ಶುರು ಮಾಡಿ ಆ ಪೀಳಿಗೆಯ ನಾವಿಕ್ ಸ್ಯಾಟಲೈಟ್‌ಗಳು ಕಳ್ಸೋದು 1176.45 ಮತ್ತೆ 2492.028 ಮೆಗಾಹರ್ಟ್ಜ್‌ನಲ್ಲಿ. ಈ ಮಾಡ್ಯೂಲಿನ ಫಿಲ್ಟರು ಆಂಟೆನಾ ಎಲ್ಲಾ 1575.42ಕ್ಕೆ ಅಂತಾನೇ ಮಾಡಿದ್ದು. ಅಲ್ಲಿ ಕೋಡ್ ಮಾತ್ರ ಇದೇ ಜಾತಿ, 1023 ಮಣಿಯ ಗೋಲ್ಡ್ ಕೋಡೇ. 2023ರ ಮೇ 29ಕ್ಕೆ ಹೋದ ಎನ್‌ವಿಎಸ್-01 ಅನ್ನೋ ಹೊಸ ಪೀಳಿಗೆ ನಾವಿಕ್ ಸ್ಯಾಟಲೈಟು 1575.42ರಲ್ಲೂ ಕಳ್ಸತ್ತೆ, ಆದ್ರೆ ಅದ್ರ ಸರದಲ್ಲಿ 10,230 ಮಣಿ, ಕೋಡ್ ಮಾಡೋ ರೀತೀನೇ ಬೇರೆ, ಈ ಹಳೇ ಮಾಡ್ಯೂಲಿಗೆ ಅದು ಪಕ್ಕಾ ನಾಯ್ಸ್. ಭಾಷೆ ಗೊತ್ತಿಲ್ದೋರಿಗೆ ಮಾತೂ ಗದ್ದಲಾನೇ ಅಲ್ವಾ. ನಾವಿಕ್ ಬೇಕಂದ್ರೆ ಅದಕ್ಕೆ ಅಂತಾನೇ ಇರೋ ಮಾಡ್ಯೂಲ್ ತಗೋಬೇಕು.

ಹುಡುಗ ಅವ್ರೇ, ಹಸು ಕೊರಳಲ್ಲಿರೋ ಡಬ್ಬಿದು ಒಂದು ಫೋಟೋ ಹಾಕ್ತೀರಾ? ನಂಗೊಂದು ಅನುಮಾನ.

ಧಾರವಾಡ_ಡಾಂಗಲ್:

ಫೋಟೋ ಯಾಕ ಬೇಕ್ರಿ. ಡಬ್ಬಿ ಭಾರ ಇರ್ತದ, ಹಗ್ಗ ತಿರಗಿ ಡಬ್ಬಿ ಗಂಟಲ ಕೆಳಗ ಬಂದಿರ್ತದ. ಆಂಟೆನಾ ನೆಲಾ ನೋಡಾಕತ್ತಿರ್ತದ, ಮ್ಯಾಲೆ ಪೂರಾ ಹಸು ಕುಂತೈತಿ. ಎಲಿಯಾಗ ನೀರು ಅಂದ್ರಲ್ಲ, ಹಸುವಿನ್ಯಾಗ ಅದಕ್ಕೂ ಭಾಳ ನೀರು.

ಬ್ಯಾಣದ_ಹುಡುಗ:

ಅಯ್ಯೋ ದೇವ್ರೇ. ಹೌದು. ಈಗ ಹೋಗಿ ನೋಡ್ಕೊಂಡು ಬಂದೆ, ಗಂಟಲ ಕೆಳಗೇ ಜೋತಾಡ್ತಿದೆ. ಒಂದು ವಾರದಿಂದ ಸೋಗೇನ ಬೈಕೊಂಡಿದ್ದೆ ಸುಮ್ನೆ.

ಅರ್ಧರಾತ್ರಿ_ಸೋಲ್ಡರ್:

ಹಹಹ. ಅದೇ ಹಗ್ಗದ ಇನ್ನೊಂದು ತುದಿಗೆ, ಡಬ್ಬಿಗೆ ಸರೀ ಎದುರಿಗೆ, ಭಾರ ಕಟ್ಟಿ. ಭಾರ ಕೆಳಗೆ ಹೋದ್ರೆ ಡಬ್ಬಿ ತಾನಾಗೇ ಕತ್ತಿನ ಮೇಲೆ ನಿಲ್ಲತ್ತೆ. ಮನೇಲಿ ಹಳೇ ಗಂಟೆ ಇರ್ಬೇಕಲ್ಲ. ಆಮೇಲೆ ಬೆಳಿಗ್ಗೆ ಬಿಡೋಕೆ ಮುಂಚೆ ಅಂಗಳದಲ್ಲೇ ಆನ್ ಮಾಡಿ ಎರಡು ಮೂರು ನಿಮಿಷ ಬಿಡಿ, ಹಾಲು ಕರೆಯೋ ಹೊತ್ತಿಗೆ ಹೊರಗೆ ಇಟ್ರೂ ಸಾಕು, ಎಲ್ಲಾ ಸ್ಯಾಟಲೈಟಿನ ಮೆಸೇಜೂ ಓದ್ಕೊಂಡಿರತ್ತೆ. ಆಮೇಲೆ ತೋಟಕ್ಕೆ ಹೋದ್ರೂ ಸರ ಹಿಡ್ಕೊಂಡಿರೋದಷ್ಟೇ ಕೆಲಸ. ಆ ಮೆಸೇಜು ಒಂದು ನಾಲ್ಕು ಗಂಟೆ ನಡೆಯತ್ತೆ, ಅಷ್ಟರಲ್ಲಿ ಬ್ಯಾಣದ ಬಯಲಲ್ಲಿ ಹೊಸದು ಓದ್ಕೊಳತ್ತೆ. ನಡುವೆ ಪವರ್ ಉಳಿಸೋಕೆ ಅಂತ ಪೂರ್ತಿ ಆಫ್ ಮಾಡ್ಬೇಡಿ, ಬೋರ್ಡ್ ಮೇಲಿರೋ ಪುಟಾಣಿ ಬ್ಯಾಟರಿ ಸತ್ತಿದ್ರೆ ಓದಿದ್ದೆಲ್ಲ ಮರೆತು ಮತ್ತೆ ಮೊದ್ಲಿಂದ ಶುರು ಮಾಡತ್ತೆ.

ಬ್ಯಾಣದ_ಹುಡುಗ:

ನಾಲ್ಕು ದಿನ ಆಯ್ತು, ಅಪ್‌ಡೇಟ್. ಅಜ್ಜನ ಕಾಲದ ಕಂಚಿನ ಗಂಟೆ ಕೆಳಗೆ, ಡಬ್ಬಿ ಮೇಲೆ. ಕೊರಳಲ್ಲೇ 40, 39, 37 ಬರ್ತಿದೆ, ತೋಟದಲ್ಲಿ 25ಕ್ಕೆ ಇಳಿದ್ರೂ ಫಿಕ್ಸ್ ಹೋಗ್ತಿಲ್ಲ. ಗೌರಿ ಗುಟ್ಟು ರಟ್ಟಾಯ್ತು, ಬೆಳಿಗ್ಗೆ ಹತ್ತೂವರೆ ತನಕ ಬ್ಯಾಣ, ಆಮೇಲೆ ಹಳ್ಳ ದಾಟಿ ಆಚೆ ಮನೆಯವ್ರ ಬೆಟ್ಟದಲ್ಲಿ ಒಂದು ದೊಡ್ಡ ಹಲಸಿನ ಮರದ ಕೆಳಗೆ ಸಂಜೆ ತನಕ ಠಿಕಾಣಿ. ಮ್ಯಾಪ್ ತೋರ್ಸಿದ್ರೆ ಅಪ್ಪ "ಹಲಸಿನ ಹಣ್ಣಿನ ಕಾಲ, ಇನ್ನೆಲ್ಲಿ ಹೋಗ್ತಾಳೆ" ಅಂದ್ರು ಅಷ್ಟೇ.

ಒಂದೇ ಡೌಟು, ಮರದ ಕೆಳಗೆ ಮಲಗಿದ್ದಾಗ್ಲೂ ಚುಕ್ಕೆ ಸುಮ್ನಿರಲ್ಲ, 20-30 ಮೀಟರ್ ಸುತ್ತ ಜೇನು ಹುಳದ ಥರ ಹಾರಾಡ್ತಿದೆ. ಅವ್ಳು ಎದ್ದೇ ಇಲ್ಲ, ನಾನೇ ಹೋಗಿ ನೋಡ್ಕೊಂಡು ಬಂದಿದೀನಿ.

ಧಾರವಾಡ_ಡಾಂಗಲ್:

ಸಿಗ್ನಲ್ ಸೀದಾ ಬರೂದರ ಜೋಡಿ ಕಾಂಡಕ್ಕ, ಗುಡ್ಡಕ್ಕ ಬಡದು ಸುತ್ತು ಹಾಕಿನೂ ಬರ್ತದ, ಅದಕ್ಕ ಪೀಕ್ ಡೊಂಕಾಗಿ ಆ ತಕ್ಕಡಿ ಒಂದ ಕಡೆ ವಾಲ್ತದ. 293 ಮೀಟರಿನ ಮಣಿಯಾಗ ಹತ್ತನೇ ಒಂದು ಪಾಲು ವಾಲಿದ್ರ ಬಂತಲ್ಲ ನಿಮ್ಮ 29 ಮೀಟರ್. 1176.45ರಾಗ ಬರೂ ಹೊಸಾ ಜಿಪಿಎಸ್ ಸಿಗ್ನಲ್ಲಿಗೆ ಮಣಿ 29.3 ಮೀಟರ್ ಅಷ್ಟ, ಅಲ್ಲೆ ಈ ಕಾಟ ಕಮ್ಮಿ, ಆದ್ರ ಅದನ್ನ ಹಿಡಿಯೂ ಮಾಡ್ಯೂಲ್ ತುಟ್ಟಿ. ಮಲಗಿದ ಹಸುವಿಗೆ ಅದೆಲ್ಲಾ ಯಾಕ ಬೇಕು, ಸ್ಪೀಡ್ ಸೊನ್ನಿ ಹತ್ರ ಇದ್ದಾಗ ಹೊಸಾ ಚುಕ್ಕಿ ಬರೀಬ್ಯಾಡ ಅಂತ ಆರ್ಡುಯಿನೋ ಕೋಡಿನ್ಯಾಗ ಒಂದು ಸಾಲು ಹಾಕ್ರಿ.